ಬಾಯಲ್ಲಿ ಹೇಳಿದ ರಾಜೀನಾಮೆ, 11 ದಿನಗಳ ಲೆಕ್ಕ

ಇದರಲ್ಲಿ ಅರ್ಧ ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಅಕ್ಕನ ಮಗಳು ಧಾರವಾಡದ ಹುಡುಗಿ. ಹುಬ್ಬಳ್ಳಿಯಲ್ಲಿ ಐದು ವರ್ಷದ ಕಾನೂನು ಪದವಿ ಮುಗಿಸಿ 2021ರಲ್ಲಿ ಮುಂಬೈಗೆ ಬಂದಳು. ಮೊದಲ ವರ್ಷ ಡೋಂಬಿವಲಿಯ ನಮ್ಮ ಮನೆಯಲ್ಲೇ ಇದ್ದಳು. ಲೋಕಲ್‌ನ ನೂಕುನುಗ್ಗಲು ಸಾಕಾಗಿ ಆಮೇಲೆ ಇಬ್ಬರು ಗೆಳತಿಯರ ಜೊತೆ ಮಾಟುಂಗಾದಲ್ಲಿ ರೂಮು ಹಿಡಿದಳು. ಕೆಲಸ ಫೋರ್ಟ್‌ನ ಒಂದು ಲಾ ಫರ್ಮ್‌ನಲ್ಲಿ, ಅಸೋಸಿಯೇಟ್ ಅಂತ. ಫರ್ಮಿನ ಹೆಸರು ಇಲ್ಲಿ ಬೇಡ. ನಾನು ಠಾಣೆ ಕೋರ್ಟಿನಲ್ಲಿ 20 ವರ್ಷದಿಂದ ವಕೀಲಿ ಮಾಡುತ್ತಿರುವವನು. ಹಾಗಾಗಿ ಕಾನೂನಿನ ಕೆಲಸದ ವಿಷಯ ಬಂದರೆ ಅವಳಿಗೆ ಮೊದಲು ನೆನಪಾಗುವುದು ಮಾಮಾ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

2024ರ ಏಪ್ರಿಲ್ ಮೊದಲ ವಾರ ಲೋವರ್ ಪರೇಲ್‌ನ ಒಂದು ಕಂಪನಿಯ ಲೀಗಲ್ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ರಾತ್ರಿ ಫೋನ್ ಬಂತು.

"ಮಾಮಾ, ಈಗ ಫರ್ಮಿನ್ಯಾಗ ಹೆಂಗ ಹೇಳ್ಲಿ?"

ನಾನು ಊಟಕ್ಕೆ ಕೂತಿದ್ದೆ. "ಮೊದಲ ಬಾಯಿಲೆ ಹೇಳವ್ವಾ. ಒಮ್ಮೆಲೇ ಮೇಲ್ ಒಗದ್ರ ಅವರಿಗೂ ಬ್ಯಾಸರ ಆಗತೈತಿ" ಅಂದೆ.

ಈ ಸಲಹೆಗೆ ಇನ್ನೊಂದು ಅರ್ಧ ಇದೆ. ಬಾಯಲ್ಲಿ ಹೇಳಿದ ದಿನವೇ ಬರೆದೂ ಕಳಿಸಬೇಕು. ಆ ಅರ್ಧವನ್ನು ನಾನು ಹೇಳಲಿಲ್ಲ. ರೊಟ್ಟಿ ಮುರಿಯುತ್ತಾ ಸಲಹೆ ಕೊಟ್ಟರೆ ಹೀಗೇ ಆಗೋದು.

ಏಪ್ರಿಲ್ 5, ಶುಕ್ರವಾರ. ಸಂಜೆ ಏಳಕ್ಕೆ ಫರ್ಮಿನ ಪಾರ್ಟ್‌ನರ್, ಅಂದರೆ ಇವಳ ಮೇಲಿನವರು, ಲಿಫ್ಟಿನ ಹತ್ತಿರ ಸಿಕ್ಕರು. ಅಲ್ಲೇ ನಿಂತು ಹೇಳಿದಳು. ಅವರು ವಾಚು ನೋಡಿಕೊಂಡು, "ಠೀಕ್ ಹೈ, ದೇಖ್‌ತೇ ಹೈ" ಅಂದು ಲಿಫ್ಟ್ ಹತ್ತಿದರು. ಇವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಪ್ಪಂದದಲ್ಲಿ 60 ದಿನದ ನೋಟಿಸ್ ಇತ್ತು. ಏಪ್ರಿಲ್ 6ರಿಂದ ಬೆರಳು ಮಡಚಿ ಎಣಿಸಿದಳು. ಜೂನ್ 4ಕ್ಕೆ ಮುಗಿಯುತ್ತದೆ. ಹೊಸ ಕಂಪನಿಗೆ ಜೂನ್ 5ಕ್ಕೆ ಬರ್ತೀನಿ ಅಂತ ಬರೆದುಕೊಟ್ಟಳು.

ಹತ್ತು ದಿನ ಯಾರೂ ಏನೂ ಕೇಳಲಿಲ್ಲ. ಏಪ್ರಿಲ್ 16ರಂದು ಪಾರ್ಟ್‌ನರ್ ಜೂನ್ ಎರಡನೇ ವಾರದ ಒಂದು ಹಿಯರಿಂಗ್‌ಗೆ ಇವಳ ಹೆಸರು ಹಾಕಿದರು. "ಸರ್, ನಾನು ಆಗ ಇರೋದಿಲ್ಲ ಅಲ್ವಾ?" ಅಂದಳು. ಅವರು ತಲೆ ಎತ್ತಿ, "ನೋಟಿಸ್ ಎಲ್ಲಿದೆ?" ಅಂದರು. ಗಾಬರಿಯಲ್ಲಿ ಹತ್ತೇ ನಿಮಿಷದಲ್ಲಿ ಮೇಲ್ ಬರೆದು ಕಳಿಸಿದಳು: "ಈ ಮೇಲ್ ಮೂಲಕ ನಾನು ನೋಟಿಸ್ ಕೊಡುತ್ತಿದ್ದೇನೆ." ಅಷ್ಟೇ. 5ನೇ ತಾರೀಖಿನ ಮಾತಿನ ಸುದ್ದಿಯೇ ಇಲ್ಲ, ಕೊನೆಯ ದಿನ ಯಾವುದು ಅಂತಲೂ ಇಲ್ಲ. ತನ್ನ ಕೈಯಾರೆ ತಾನೇ ಗಡಿಯಾರವನ್ನು 11 ದಿನ ಮುಂದಕ್ಕೆ ತಿರುಗಿಸಿದಳು.

18ಕ್ಕೆ ಆಡಳಿತ ವಿಭಾಗದ ಉತ್ತರ ಬಂತು. ನೋಟಿಸ್ ಏಪ್ರಿಲ್ 16ರದ್ದು. ಕೊನೆಯ ದಿನ ಜೂನ್ 15. ಅದಕ್ಕಿಂತ ಮೊದಲು ಬಿಟ್ಟರೆ ಒಪ್ಪಂದದ ಪ್ರಕಾರ ಎರಡು ತಿಂಗಳ ಫೀ, ಅಂದರೆ 1.5 ಲಕ್ಷ ರೂಪಾಯಿ ಕಟ್ಟಬೇಕು.

21ರ ಭಾನುವಾರ ಬೆಳಗ್ಗೆ ಡೋಂಬಿವಲಿಗೆ ಬಂದಳು. ಕಣ್ಣು ಊದಿಕೊಂಡಿತ್ತು. ನನ್ನ ಹೆಂಡತಿ ಅವಲಕ್ಕಿ ಇಟ್ಟರೂ ಮುಟ್ಟಲಿಲ್ಲ.

"ಮಾಮಾ, ಸಂಬಳಾ ಹಿಡೀತಾರಂತ."

"ಮೊದಲ ಆ ಸಂಬಳ ಅನ್ನೋದು ಬಿಡು. ಅಗ್ರಿಮೆಂಟ್ ತಗಿ."

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಹೊಸದಾಗಿ ಲಾ ಫರ್ಮ್ ಸೇರುವ ನಮ್ಮ ಹುಡುಗರು ಎಡವುವುದು ಇಲ್ಲೇ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದ ಪ್ರಕಾರ ವಕೀಲಿ ಮಾಡುತ್ತಿರುವವರು ಯಾರದೇ ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಅದಕ್ಕೇ ಫರ್ಮುಗಳು ಸಾಮಾನ್ಯವಾಗಿ ಅಸೋಸಿಯೇಟ್‌ಗಳ ಜೊತೆ ರಿಟೇನರ್ ಒಪ್ಪಂದ, ಅಂದರೆ ನೌಕರಿಯಲ್ಲದೆ ಫೀ ಲೆಕ್ಕದ ಒಪ್ಪಂದ, ಮಾಡಿಕೊಳ್ಳುತ್ತವೆ. ತಿಂಗಳು ತಿಂಗಳು ಬರುವುದು ಫೀ. ನಮ್ಮ ಹುಡುಗಿಗೆ 75,000. ಅದರಲ್ಲಿ ಆಗಿನ ಆದಾಯ ತೆರಿಗೆ ಕಾಯ್ದೆಯ 194ಜೆ ಅಡಿ ಶೇ 10 ಟಿಡಿಎಸ್ (ಕೊಡುವಾಗಲೇ ಹಿಡಿಯುವ ತೆರಿಗೆ) ಕಳೆದು 67,500 ಕೈಗೆ. ಪಿಎಫ್ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ನೌಕರರಿಗೆ ಇರುವ ಕಾನೂನಿನ ಆಸರೆಯೂ ಹೆಚ್ಚಾಗಿ ಇಲ್ಲ. ಬೆಳಗ್ಗೆ ಹತ್ತಕ್ಕೆ ಹೋಗಿ ರಾತ್ರಿ ಹತ್ತಕ್ಕೆ ಬಂದರೂ ಕಾಗದದ ಮೇಲೆ ನೀನು ಸ್ವತಂತ್ರ ವಕೀಲ. ಹಾಗಿದ್ದ ಮೇಲೆ ನೋಟಿಸ್ ಎಷ್ಟು, ಹೇಗೆ ಅನ್ನುವುದಕ್ಕೆಲ್ಲ ಆ ಒಪ್ಪಂದವೇ ಆಧಾರ. ಇವಳು ಅದನ್ನು ಸಹಿ ಹಾಕಿದ ದಿನ ಬಿಟ್ಟರೆ ಮತ್ತೆ ತೆರೆದೇ ಇರಲಿಲ್ಲ. ವಕೀಲರ ಮನೆಯ ಒಪ್ಪಂದವನ್ನು ಯಾರೂ ಓದುವುದಿಲ್ಲ ಬಿಡಿ.

ಓದಿದೆವು. ನೋಟಿಸ್ "ಲಿಖಿತವಾಗಿ" ಇರಬೇಕು ಅಂತ ಸ್ಪಷ್ಟವಾಗಿತ್ತು. ಮೇಲ್ ಆದರೂ ಸಾಕು. ಅಂದರೆ ಅಕ್ಷರದ ಲೆಕ್ಕದಲ್ಲಿ ಫರ್ಮ್ ಹೇಳಿದ್ದೇ ಸರಿ. ಇದನ್ನು ಹೇಳಿದಾಗ ಹುಡುಗಿಯ ಮುಖ ಇನ್ನೂ ಬಾಡಿತು. ಅನ್ಯಾಯ ಆಗಿದೆ ಅಂತ ನಾನು ಹೇಳಲಿ ಅಂತ ಬಂದಿದ್ದಳು. ಆದರೆ ಲಿಫ್ಟಿನ ಬಾಗಿಲಲ್ಲಿ ನಿಂತು ಹೇಳಿದ ಮಾತು ನೋಟಿಸ್ ಅಂತ ಯಾವ ಕೋರ್ಟಿನಲ್ಲಿ ವಾದ ಮಾಡಲಿ?

ಆಮೇಲೆ ಫೋನ್ ಕೇಳಿದೆ. 5ರ ರಾತ್ರಿ ಪಾರ್ಟ್‌ನರ್‌ಗೆ ಏನಾದರೂ ಮೆಸೇಜ್ ಮಾಡಿದ್ದೆಯಾ ಅಂತ. ಮಾಡಿದ್ದಳು! "ಸರ್, ಇವತ್ತು ನನ್ನ ರಾಜೀನಾಮೆ ವಿಷಯ ಕೇಳಿಸಿಕೊಂಡಿದ್ದಕ್ಕೆ ಥ್ಯಾಂಕ್ಸ್. ಮುಂದಿನ ವಾರ ಹ್ಯಾಂಡೋವರ್ ಬಗ್ಗೆ ಕೂತು ಮಾತಾಡೋಣ." ಕೆಳಗೆ ಪಾರ್ಟ್‌ನರ್ ಒಂದು ಹೆಬ್ಬೆರಳಿನ ಚಿತ್ರ ಒತ್ತಿದ್ದರು. ನನಗೆ ನಗು ಬಂತು. ನಮ್ಮ ಕಡೆ ಹೆಬ್ಬೆಟ್ಟು ಒತ್ತಿದರೆ ಹೊಲವೇ ಕೈಬದಲಾಗುತ್ತಿತ್ತು. ಈ ಹೆಬ್ಬೆಟ್ಟು ಅಷ್ಟು ಗಟ್ಟಿಯಲ್ಲ. ಅದರಲ್ಲಿ ನೋಟಿಸಿನ ಮಾತಿಲ್ಲ, ತಾರೀಖಿಲ್ಲ. ಆದರೂ ವಿಷಯ 5ಕ್ಕೇ ಅವರಿಗೆ ಗೊತ್ತಿತ್ತು ಅನ್ನುವುದಕ್ಕೆ ಬರಹದಲ್ಲಿ ಒಂದು ಗುರುತು ಸಿಕ್ಕಿತು. ಮಾತುಕತೆಗೆ ಕೂರಲು ಅಷ್ಟು ಸಾಕು.

ಇನ್ನು 1.5 ಲಕ್ಷ. ಜೂನ್ 4ಕ್ಕೆ ಬಿಟ್ಟರೆ, ಅವರ ಲೆಕ್ಕದಲ್ಲೇ, 60ರಲ್ಲಿ 49 ದಿನ ಮುಗಿದಿರುತ್ತದೆ. ಕಡಿಮೆ ಬೀಳುವುದು 11 ದಿನ. 75,000ವನ್ನು 30ರಿಂದ ಭಾಗಿಸಿ 11ರಿಂದ ಗುಣಿಸಿದರೆ 27,500. ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕಾಗದದಲ್ಲಿ ಬರೆದ ದಂಡ ಮೇಲಿನ ಮಿತಿ ಮಾತ್ರ. ಕೋರ್ಟು ಕೊಡಿಸುವುದು ಅದರೊಳಗೆ ನ್ಯಾಯವಾದ ಪರಿಹಾರ. 49 ದಿನ ದುಡಿದವಳಿಂದ 60 ದಿನದ ದುಡ್ಡು ಕೇಳುವುದು ನಿಲ್ಲುವುದು ಕಷ್ಟ. ಇನ್ನೊಂದು ಭಯವೂ ಅವಳಿಗಿತ್ತು: "ಬಿಡೂದಿಲ್ಲ ಅಂದ್ರ?" ಬಿಡದೇ ಇರಲು ಬರುವುದಿಲ್ಲ. ಒಬ್ಬರ ಸ್ವಂತ ಜಾಣತನದ ಮೇಲೆ ನಿಂತ ಕೆಲಸವನ್ನು ಕೋರ್ಟು ಬಲವಂತದಿಂದ ಮಾಡಿಸುವುದಿಲ್ಲ. ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 14ನೇ ಸೆಕ್ಷನ್ ಇರುವುದೇ ಅದಕ್ಕೆ. ಜಗಳ ಏನಿದ್ದರೂ ದುಡ್ಡಿನದು.

ಒಪ್ಪಂದದಲ್ಲಿ ಇನ್ನೊಂದು ಸಾಲಿತ್ತು. ಬಿಟ್ಟ ಮೇಲೆ ಆರು ತಿಂಗಳು ಫರ್ಮಿನ ಯಾವ ಕಕ್ಷಿದಾರರ ಬಳಿಯೂ ಕೆಲಸ ಮಾಡಬಾರದು ಅಂತ. ಬಿಟ್ಟುಹೋದ ಮೇಲೆ ಹೊಟ್ಟೆಪಾಡಿಗೆ ಅಡ್ಡ ಬರುವ ಇಂಥ ಷರತ್ತು ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ವಿರುದ್ಧ ಅವರ ಹಳೆಯ ಏಜೆನ್ಸಿ ಹೋದಾಗ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಹಾಗಂತ ಎಲ್ಲ ಬಾಂಡೂ ಬರೀ ಕಾಗದ ಅಂತ ತಿಳಿಯಬೇಡಿ. ಈ ಪ್ರಕರಣ ಮುಗಿದ ಮೇಲೆ, 2025ರ ಮೇನಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಒಂದು ಕೇಸು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟ ಅಧಿಕಾರಿ 2 ಲಕ್ಷ ಕಟ್ಟಬೇಕೆನ್ನುವ ಷರತ್ತನ್ನು ಕೋರ್ಟು ಎತ್ತಿಹಿಡಿಯಿತು. ಕೆಲಸದಲ್ಲಿ ಇರುವಾಗಿನ ಕಟ್ಟು ಬೇರೆ, ಬಿಟ್ಟ ಮೇಲಿನ ಕಟ್ಟು ಬೇರೆ.

ಇಷ್ಟೆಲ್ಲ ಕಾನೂನು ಹೇಳಿದ ಮೇಲೆ ಹುಡುಗಿ ಹುರುಪಿಗೆ ಬಂದಳು. "ಹಂಗಾದ್ರ ಒಂದ್ ಖಡಕ್ ಉತ್ತರ ಬರೀಲೇನ್?" ಅಂದಳು. ಬೇಡ ಅಂದೆ. ಮುಂಬೈನ ವಕೀಲರ ಲೋಕ ಮೇಲ್ನೋಟಕ್ಕೆ ಸಮುದ್ರ, ಒಳಗೆ ಬಾವಿ. ಹುತಾತ್ಮಾ ಚೌಕದಿಂದ ಬಲ್ಲಾರ್ಡ್ ಎಸ್ಟೇಟ್‌ವರೆಗೆ ಕಾಲು ಗಂಟೆ ನಡೆದರೆ ಎಲ್ಲರೂ ಸಿಗುತ್ತಾರೆ. ನಾಳೆ ಇವಳ ಕಂಪನಿಯೇ ಈ ಫರ್ಮಿಗೆ ಕೆಲಸ ಕೊಡಬಹುದು. ಅದಕ್ಕಿಂತ ಹೆಚ್ಚಾಗಿ, ಪಾರ್ಟ್‌ನರ್ ಕೆಟ್ಟವರೇನಲ್ಲ. ಅವರಿಗೆ ಬೇಕಾಗಿದ್ದದ್ದು ಇವಳ 11 ದಿನ ಅಂತ ನನಗೆ ಅನ್ನಿಸಲಿಲ್ಲ. ಮೇ ತಿಂಗಳು ಹೈಕೋರ್ಟಿಗೆ ಬೇಸಿಗೆ ರಜೆ. ಸೀನಿಯರ್‌ಗಳು ಊರಿನಲ್ಲಿ ಇರುವುದಿಲ್ಲ. ಜೂನ್‌ನಲ್ಲಿ ಕೋರ್ಟು ತೆರೆದಾಗ ಫೈಲುಗಳ ಕಥೆ ಗೊತ್ತಿರುವವರು ಒಬ್ಬರಾದರೂ ಬೇಕು, ಅದೇ ಅವರ ದಿಗಿಲು. ಹಾಗಾದರೆ ಉತ್ತರ ಕೊಡಬೇಕಾದ್ದು ಆ ದಿಗಿಲಿಗೆ.

"ನಿನ್ನ ಹಂತೇಕ ಎಷ್ಟ್ ಫೈಲ್ ಅದಾವು?"

"ಹತ್ತೊಂಬತ್ತು."

"ಬರಿ."

ಅವಲಕ್ಕಿ ತಿಂದು ಕೂತವಳು ಸಂಜೆ ಐದಕ್ಕೆ ಎದ್ದಳು. ಮೊದಲ ಕರಡು ನೋಡಿ ನಾನು ವಾಪಸ್ ಕೊಟ್ಟೆ. ಅದರಲ್ಲಿ "ಪ್ಲೀಡಿಂಗ್ಸ್ ಮುಗಿದಿವೆ", "ಕಕ್ಷಿದಾರರ ಉತ್ತರ ಬರಬೇಕು" ಅಂತೆಲ್ಲ ಇತ್ತು. ಅದು ಓದುವವರಿಗೆ ಯಾವ ಕೆಲಸಕ್ಕೂ ಬರುವುದಿಲ್ಲ. ಹೊಸಬರಿಗೆ ಬೇಕಾಗಿರುವುದು ಒಂದೇ: ಯಾವ ದಿನ ದಾಟಿದರೆ ಕೇಸು ಸಾಯುತ್ತದೆ? ಅದನ್ನೇ ಮೊದಲ ಕಾಲಂ ಮಾಡು ಅಂದೆ.

ಆ ಕಾಲಂನಲ್ಲಿ ಎರಡು ಫೈಲು ಕೆಂಪಾದವು. ಒಂದು ವಾಣಿಜ್ಯ ದಾವೆ. ಸಮನ್ಸ್ ತಲುಪಿ 120 ದಿನದೊಳಗೆ ಪ್ರತಿವಾದಿ ತನ್ನ ಉತ್ತರವನ್ನು, ಅಂದರೆ ಲಿಖಿತ ಹೇಳಿಕೆಯನ್ನು, ಹಾಕದಿದ್ದರೆ ಆ ಹಕ್ಕು ಹೋಯಿತು. ಕೋರ್ಟಿನ ದಯೆಗೂ ಜಾಗವಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಅಷ್ಟು ಬಿಗಿಯಾಗಿ ಹೇಳಿದೆ. 120ನೇ ದಿನ ಮೇ ಕೊನೆಗೆ ಬೀಳುತ್ತಿತ್ತು.

ಇನ್ನೊಂದು ಆರ್ಬಿಟ್ರೇಷನ್ ಅವಾರ್ಡ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥಗಾರರು ಕೊಟ್ಟ ತೀರ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವಾರ್ಡ್ ಕಕ್ಷಿದಾರರ ಕೈಗೆ ಬಂದದ್ದು ಫೆಬ್ರುವರಿ 20. ಆರ್ಬಿಟ್ರೇಷನ್ ಕಾಯ್ದೆಯ 34ನೇ ಸೆಕ್ಷನ್ ಅಡಿ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲು 3 ತಿಂಗಳು. ಮೇ 20ಕ್ಕೆ ಮುಗಿಯುತ್ತದೆ. ಆ ದಿನ ಬೇಸಿಗೆ ರಜೆ, ಸಾಲದ್ದಕ್ಕೆ ಮುಂಬೈಯಲ್ಲಿ ಲೋಕಸಭೆ ಮತದಾನ. ಅವಧಿ ರಜೆಯಲ್ಲಿ ಮುಗಿದರೆ ಕೋರ್ಟು ತೆರೆದ ದಿನ ಹಾಕಬಹುದು ಅನ್ನುವ ಅನುಕೂಲ ಲಿಮಿಟೇಷನ್ (ಕಾಲಮಿತಿ) ಕಾಯ್ದೆಯಲ್ಲಿದೆ, ಅದು ಈ 3 ತಿಂಗಳಿಗೆ ಸಿಗುತ್ತದೆ. ಅದರ ಮೇಲೆ, ತಕ್ಕ ಕಾರಣ ತೋರಿಸಿದರೆ ಇನ್ನೂ 30 ದಿನ. ಅಂದರೆ ಜೂನ್ 19. ಆ 30 ದಿನ ರಜೆಯಲ್ಲಿ ಮುಗಿದರೆ ಮಾತ್ರ ಈ ಅನುಕೂಲ ಇಲ್ಲ ಅಂತ 2012ರಲ್ಲೇ ತೀರ್ಪಾಗಿದೆ. ಇದು ಗೊತ್ತಿಲ್ಲದ ಜೂನಿಯರ್ ಕೈಗೆ ಫೈಲು ಹೋದರೆ ಅವನು ರಜೆ ಇದೆಯಲ್ಲ ಅಂತ ನಿದ್ದೆ ಮಾಡುತ್ತಾನೆ. ಹುಡುಗಿ ಆ ಸಾಲಿನ ಮುಂದೆ ಹೀಗೆ ಬರೆದಳು: "ರಜೆಯ ವಾದ ನಮ್ಮ ಪರ ಇದೆ. ಆದರೆ ಅದನ್ನು ನಂಬಿ ಕೂರುವುದು ಬೇಡ. ಕರಡು ಸಿದ್ಧವಿದೆ. ರಜೆ ಶುರುವಾಗುವ ಮೊದಲೇ ಹಾಕಿಬಿಡೋಣ, ನಾನೇ ಹಾಕಿ ಹೋಗುತ್ತೇನೆ."

ಆ ಒಂದು ಸಾಲನ್ನು ಅವಳೇ ಬರೆದದ್ದು. ನಾನು ಹೇಳಿಕೊಟ್ಟದ್ದಲ್ಲ.

ಪಟ್ಟಿ ಮಾಡುವಾಗಲೇ ಇನ್ನೊಂದು ವಿಷಯ ಹೊರಬಿತ್ತು. ಎರಡು ಕೇಸುಗಳು ಸಿಟಿ ಸಿವಿಲ್ ಕೋರ್ಟಿನವು. ಅದರಲ್ಲಿ ವಕಾಲತ್ತು ಫರ್ಮಿನ ಹೆಸರಲ್ಲಿ ಇರಲಿಲ್ಲ, ಇವಳ ಸ್ವಂತ ಹೆಸರಲ್ಲಿತ್ತು. ಅವತ್ತು ಪಾರ್ಟ್‌ನರ್ ಊರಲ್ಲಿ ಇರಲಿಲ್ಲವಂತೆ, ಇವಳೇ ಸಹಿ ಹಾಕಿ ಕೊಟ್ಟಿದ್ದಳು. ಫರ್ಮ್ ಬಿಟ್ಟಾಕ್ಷಣ ವಕಾಲತ್ತು ತಾನಾಗಿ ಬಿಟ್ಟುಹೋಗುವುದಿಲ್ಲ. ಕೋರ್ಟಿನ ಅನುಮತಿ ಪಡೆದು ಮುಗಿಸುವವರೆಗೆ ಅದು ಜೀವಂತ. ಇತ್ತ ಕಂಪನಿಗೆ ಸೇರಿದ ದಿನದಿಂದ ಇವಳದು ಸಂಬಳದ ನೌಕರಿ. ಅದೇ 49ನೇ ನಿಯಮದ ಪ್ರಕಾರ ಬಾರ್ ಕೌನ್ಸಿಲ್‌ಗೆ ತಿಳಿಸಿ ವಕೀಲಿ ನಿಲ್ಲಿಸಬೇಕು. ಅಂದರೆ ಜೂನ್ 5ರ ಬೆಳಗ್ಗೆ ಈ ಎರಡು ಕೇಸಿನಲ್ಲಿ ಇವಳ ಹೆಸರು ಉಳಿದಿದ್ದರೆ ಫರ್ಮಿಗಿಂತ ಇವಳಿಗೇ ತಲೆನೋವು. ಕಕ್ಷಿದಾರರಿಂದ ಬೇರೆ ವಕೀಲರಿಗೆ ಹೊಸ ವಕಾಲತ್ತು, ಇವಳಿಂದ ತಕರಾರಿಲ್ಲ ಅನ್ನುವ ಎನ್‌ಒಸಿ. ಮೇನಲ್ಲಿ ರಜೆ ಬರುವ ಮೊದಲು ಆಗಬೇಕು. ಬರೆದುಕೊಂಡಳು.

ಆಮೇಲೆ ತಲೆ ತಗ್ಗಿಸಿ ಇನ್ನೊಂದು ಹೇಳಿದಳು. ಮೂರು ಕರಡುಗಳನ್ನು ತನ್ನ ಸ್ವಂತ ಜಿಮೇಲ್‌ಗೆ ಕಳಿಸಿಕೊಂಡಿದ್ದಳು, ರಾತ್ರಿ ರೂಮಿನಲ್ಲಿ ಕೆಲಸ ಮಾಡಲು. ಇದು ಎಲ್ಲರೂ ಮಾಡುವುದೇ. ಆದರೆ ಬಿಡುವ ಹೊತ್ತಿನಲ್ಲಿ ಅದೇ ಕಳ್ಳತನದಂತೆ ಕಾಣುತ್ತದೆ. ಕಕ್ಷಿದಾರರ ಗುಟ್ಟು ಕಾಯುವ ಹೊಣೆ ಕೆಲಸ ಬಿಟ್ಟ ಮೇಲೂ ಮುಗಿಯುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೇ ಅದನ್ನು ಬಿಡಿಸಿ ಬರೆದಿದ್ದರು. "ನೀನಾಗೇ ಹೇಳು, ಅವರು ಹುಡುಕಿ ತಗಿಯೂದಕ್ಕಿಂತ ಮೊದಲ" ಅಂದೆ. ಹ್ಯಾಂಡೋವರ್ ನೋಟಿನ ಕೊನೆಗೆ ಮೂರು ಫೈಲಿನ ಹೆಸರು, ಕಳಿಸಿದ ತಾರೀಖು, ಅಳಿಸುತ್ತೇನೆ ಅನ್ನುವ ಮಾತು. ಅಷ್ಟೇ.

ಸೋಮವಾರ ಬೆಳಗ್ಗೆ ಎರಡನೇ ಮೇಲ್ ಹೋಯಿತು. ನಾಲ್ಕೇ ಸಾಲು. ಏಪ್ರಿಲ್ 5ರಂದು ತಮ್ಮ ಜೊತೆ ಮಾತಾಡಿದ್ದೆ, ಅಂದೇ ಮೆಸೇಜ್ ಕೂಡ ಮಾಡಿದ್ದೆ. ಆದರೆ ಲಿಖಿತ ನೋಟಿಸ್ ತಡವಾದದ್ದು ನನ್ನ ತಪ್ಪು. ಜೂನ್ 4ಕ್ಕೆ ಬಿಡಲು ಅನುಮತಿ ಕೋರುತ್ತೇನೆ, ಬೇಕಾದರೆ ಕಡಿಮೆ ಬೀಳುವ 11 ದಿನದ ಫೀ ಬಿಟ್ಟುಕೊಡುತ್ತೇನೆ. 19 ಫೈಲುಗಳ ಪಟ್ಟಿ ಜೊತೆಗಿದೆ. ನಾನು ಹೇಳಿಕೊಟ್ಟ ಕಾನೂನಿನ ಒಂದು ಸೆಕ್ಷನ್ನೂ ಅದರಲ್ಲಿ ಇರಲಿಲ್ಲ. ಎದುರಿಗಿರುವವರು ವಕೀಲರು, ಅವರಿಗೆ ಗೊತ್ತಿಲ್ಲವೇ?

ಮಧ್ಯಾಹ್ನ ಪಾರ್ಟ್‌ನರ್ ಕರೆದರು. ನೋಟಿಸಿನ ಮಾತು ಎತ್ತಲೇ ಇಲ್ಲವಂತೆ. ಪಟ್ಟಿಯ ಪ್ರಿಂಟ್ ಮುಂದಿಟ್ಟುಕೊಂಡು ಅವಾರ್ಡಿನ ಸಾಲಿಗೆ ಗೆರೆ ಎಳೆದಿದ್ದರು. "ಇದು ಯಾವಾಗ ಹಾಕ್ತೀಯ?" ಅಂತ ಕೇಳಿದರು. ಮರುದಿನ ಆಡಳಿತದಿಂದ ಮೇಲ್: ಜೂನ್ 4 ಒಪ್ಪಿದ್ದೇವೆ, 11 ದಿನ ಮನ್ನಾ. ಮೇ ಮತ್ತು ಜೂನ್‌ನ ಫೀ ಹ್ಯಾಂಡೋವರ್ ಮುಗಿದ 45 ದಿನದೊಳಗೆ. ಈ 45 ದಿನದ ಮಾತು ಒಪ್ಪಂದದಲ್ಲಿ ಇರಲಿಲ್ಲ. ನನಗೆ ಸಿಟ್ಟು ಬಂತು. ಅವಳಿಗೆ ಬರಲಿಲ್ಲ. "ಇರ್ಲಿ ಬಿಡು ಮಾಮಾ" ಅಂದಳು. ಆ ಹೊತ್ತಿಗೆ ಮಾಮಾ ಹಿಂದೆ ಬಿದ್ದಿದ್ದ.

ಮೇ ಪೂರ್ತಿ ಕೆಲಸದಲ್ಲೇ ಹೋಯಿತು. ಅವಾರ್ಡಿನ ಅರ್ಜಿ ರಜೆಗೆ ಮೊದಲೇ ದಾಖಲಾಯಿತು. ಲಿಖಿತ ಹೇಳಿಕೆಯೂ ಅವಧಿಯೊಳಗೆ ಹೋಯಿತು. ಎರಡೂ ವಕಾಲತ್ತು ಬದಲಾದವು. ಮುಲುಂಡ್‌ನ ಒಬ್ಬ ಕಕ್ಷಿದಾರರು ಮಾತ್ರ ವಾಟ್ಸಾಪ್‌ನಲ್ಲಿ ಬೆನ್ನು ಹತ್ತಿದರು: "ನೀವು ಹೋಗೋದಾದರೆ ನನ್ನ ಕೇಸೂ ತಗೊಂಡು ಹೋಗಿ ಮೇಡಂ." ಹೋಗುತ್ತಿರುವುದು ಕಂಪನಿಗೆ, ಕೇಸು ಒಯ್ಯುವ ಪ್ರಶ್ನೆಯೇ ಇಲ್ಲ. ಬೇರೆ ಫರ್ಮಿಗೆ ಹೋಗುತ್ತಿದ್ದರೂ ಕಕ್ಷಿದಾರರನ್ನು ತಾನಾಗಿ ಕರೆಯುವುದಕ್ಕೆ ಬಾರ್ ಕೌನ್ಸಿಲ್‌ನ 36ನೇ ನಿಯಮ ಬಿಡುವುದಿಲ್ಲ. ಮೆಸೇಜನ್ನು ಪಾರ್ಟ್‌ನರ್‌ಗೆ ತೋರಿಸಿ, ಅವರು ಹೇಳಿದಂತೆ ಉತ್ತರ ಕೊಟ್ಟಳು.

ಜೂನ್ 4 ಚುನಾವಣೆ ಎಣಿಕೆಯ ದಿನ. ಆಫೀಸಿನಲ್ಲಿ ಎಲ್ಲರ ಕಣ್ಣೂ ಫೋನಿನ ಮೇಲೆ. ಕೇಕ್ ತಂದಿಟ್ಟವರೇ ಅದನ್ನು ಮರೆತು ಸೀಟುಗಳ ಲೆಕ್ಕದಲ್ಲಿ ಮುಳುಗಿದ್ದರಂತೆ. ಲ್ಯಾಪ್‌ಟಾಪ್, ಐಡಿ ಕಾರ್ಡ್, ಲೈಬ್ರರಿಯ ಎರಡು ಪುಸ್ತಕ ಒಪ್ಪಿಸಿ, ಎಲ್ಲದಕ್ಕೂ ಸಹಿ ಮಾಡಿಸಿಕೊಂಡು ಸಂಜೆ ಆರಕ್ಕೆ ಹೊರಬಿದ್ದಳು.

ದುಡ್ಡು ಬಂದದ್ದು ಜುಲೈ 24ಕ್ಕೆ. ಮೇ ತಿಂಗಳ 75,000, ಜೂನ್‌ನ ನಾಲ್ಕು ದಿನಕ್ಕೆ 10,000. ಟಿಡಿಎಸ್ ಕಳೆದು 76,500. ಐದು ದಿನ ತಡ.

ಅದರ ಜೊತೆ ಅನುಭವ ಪತ್ರವೂ ಬಂತು. ಚೆನ್ನಾಗಿ ಬರೆದಿದ್ದರು. ಕೊನೆಯ ದಿನ ಮಾತ್ರ ಜೂನ್ 15 ಅಂತ ಇತ್ತು! ಆಡಳಿತದವರ ಹಳೆಯ ಮೇಲ್‌ನಿಂದ ಯಾರೋ ಹಾಗೇ ಎತ್ತಿ ಹಾಕಿದ್ದರು. ನೋಡಿದವರಿಗೆ ಅದರ ಅರ್ಥ ಏನಾಗುತ್ತದೆ? ಜೂನ್ 5ರಿಂದ 15ರವರೆಗೆ ಇವಳದು ಒಂದು ಕಡೆ ಸಂಬಳದ ನೌಕರಿ, ಇನ್ನೊಂದು ಕಡೆ ವಕೀಲಿ. ಬಾರ್ ಕೌನ್ಸಿಲ್‌ಗೆ ಕೊಟ್ಟ ತಾರೀಖಿಗೂ ಇದಕ್ಕೂ ತಾಳೆಯಾಗುವುದಿಲ್ಲ. ಬಾಯಲ್ಲಿ ಹೇಳಿ ಬರೆಯದೇ ಬಿಟ್ಟ ಆ 11 ದಿನ ಅಲ್ಲಿಗೂ ಬಂದು ಕೂತಿತ್ತು.

"ಮಾಮಾ, ನಾಳೆ ಫೋರ್ಟಿಗೆ ಹೋಗಿ ಹೇಳಿ ಬರ್ತೀನಿ" ಅಂತ ರಾತ್ರಿ ಫೋನ್ ಮಾಡಿದಳು.

"ಹೇಳಿ ಬರ್ತೀಯಾ?"

ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ನಕ್ಕಳು. "ಮೇಲ್ ಆಗ್ಲೇ ಕಳಿಸೀನಿ ಮಾಮಾ. ನಾಳೆ ಹೋಗೂದು ಪತ್ರ ತರಾಕ."